ಮಕ್ಕಳ ಎದೆಗೆ ಪೆಟ್ಟು ಬಿದ್ದಾಗ: ತೋಟದ ಮನೆಗಳಿಗೆ ಒಂದು ಪಾಠ



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೊ ದ್ರಾವಣ, ಕಾಂಡಕೊರಕ, ಮರಗಸಿ ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಅವನ್ನು ಬದಿಗಿಟ್ಟು ಮಕ್ಕಳ ವಿಷಯ ಬರೆಯುತ್ತಿದ್ದೇನೆ. ಕೊಯ್ಲಿನ ತಿಂಗಳುಗಳು ಬಂದವೆಂದರೆ ನಮ್ಮ ಕಣ, ಗೋದಾಮು, ಜೀಪು, ಟಿಲ್ಲರುಗಳ ಸುತ್ತ ಮಕ್ಕಳೂ ಓಡಾಡುತ್ತಿರುತ್ತಾರೆ. ರಜೆಗೆ ಬಂದ ನಮ್ಮ ಮೊಮ್ಮಕ್ಕಳಿರುತ್ತಾರೆ, ಲೈನ್ ಮನೆಗಳ ಮಕ್ಕಳಿರುತ್ತಾರೆ. ಅವರಲ್ಲೊಬ್ಬರ ಎದೆಗೆ ಪೆಟ್ಟು ಬಿದ್ದರೆ ವೈದ್ಯರು ಸಿಗುವತನಕದ ಒಂದೆರಡು ಗಂಟೆ ಆ ಜೀವ ನಮ್ಮ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಏನು ನೋಡಬೇಕು, ಏನು ಮಾಡಬೇಕು, ಏನು ಮಾಡಕೂಡದು ಎಂಬುದೇ ಈ ಪಾಠದ ವಿಷಯ.

ಕೆಲವು ವರ್ಷಗಳ ಹಿಂದೆ ರೋಬಸ್ಟಾ ಕೊಯ್ಲಿನ ಸಮಯದಲ್ಲಿ ನನ್ನದೇ ಕಣದಲ್ಲಿ ನಡೆದ ಸಂಗತಿಯಿಂದ ಆರಂಭಿಸುತ್ತೇನೆ. ಲೈನಿನ ಏಳು ವರ್ಷದ ಹುಡುಗನೊಬ್ಬ ಒಣಚೆರ್ರಿ ಚೀಲಗಳ ಅಟ್ಟಿಯ ಪಕ್ಕದಲ್ಲಿ ಆಡುತ್ತಿದ್ದ. ಅಟ್ಟಿ ಜಾರಿ ಮೂರು ಚೀಲಗಳು ಅವನ ಮೇಲೆ ಬಿದ್ದವು. ಒಂದೊಂದು ಚೀಲ 50 ಕಿಲೋ. ಎಳೆದು ತೆಗೆಯಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಹುಡುಗ ಅತ್ತ, ಎದ್ದು ನಿಂತ, ನಡೆದ. ಅಂಗಿ ಎತ್ತಿ ನೋಡಿದೆವು, ಒಂದು ಗೀರೂ ಇರಲಿಲ್ಲ. ನೀರು ಕುಡಿಸಿ, ದೇವರು ದೊಡ್ಡವನೆಂದು ಹೇಳಿ ಎಲ್ಲರೂ ಕೆಲಸಕ್ಕೆ ಹೋದೆವು. ಸಂಜೆ ಹುಡುಗ ಸುಮ್ಮನೆ ಮಲಗಿದ. ಸುಸ್ತಾಗಿದೆ, ಮಲಗಲಿ ಎಂದುಕೊಂಡೆವು. ರಾತ್ರಿ ಹತ್ತು ಗಂಟೆಗೆ ಅವನ ತಾಯಿ ಬಂದು ಬಾಗಿಲು ತಟ್ಟಿದರು. "ಅಯ್ಯಾ, ಹುಡುಗ ಉಸಿರು ಬಿಡೋದು ಯಾಕೋ ಸರಿಯಿಲ್ಲ" ಎಂದರು.

ಹುಡುಗ ಬದುಕಿದ. ಈಗ ಹೈಸ್ಕೂಲಿನಲ್ಲಿದ್ದಾನೆ. ಆದರೆ ಅವನನ್ನು ಉಳಿಸಿದ್ದು ಆ ತಾಯಿಯ ಕಣ್ಣು, ನಮ್ಮ ತಿಳಿವಳಿಕೆಯಲ್ಲ. ಆಮೇಲೆ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಮಗುವಿನ ಎದೆ ದೊಡ್ಡವರ ಎದೆಯಂತಲ್ಲ

ದೊಡ್ಡವರ ಪಕ್ಕೆಲುಬು ಒಣಗಿದ ಬಿದಿರಿನಂತೆ. ಜೋರಾದ ಪೆಟ್ಟಿಗೆ ಮುರಿಯುತ್ತದೆ. ಮುರಿಯುವಾಗ ಪೆಟ್ಟಿನ ರಭಸದ ಒಂದು ಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಮಗುವಿನ ಪಕ್ಕೆಲುಬಿನಲ್ಲಿ ಮೆತ್ತನೆಯ ಮೃದ್ವಸ್ಥಿಯ ಅಂಶ ಹೆಚ್ಚು. ಅದು ಹಸಿ ಬಿದಿರಿನ ಸೀಳಿನಂತೆ ಒಳಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಸಿ ಬಿದಿರಿನ ಬುಟ್ಟಿಯಲ್ಲಿ ಕಾಫಿ ಹಣ್ಣು ತುಂಬಿ ಅದರ ಮೇಲೆ ಕಾಲಿಟ್ಟು ತೆಗೆದರೆ ಬುಟ್ಟಿ ಮೊದಲಿನ ಆಕಾರಕ್ಕೆ ಬರುತ್ತದೆ, ಒಳಗಿನ ಹಣ್ಣು ಮಾತ್ರ ಜಜ್ಜಿಹೋಗಿರುತ್ತದೆ. ಮಗುವಿನ ಎದೆಯಲ್ಲಿ ಆಗುವುದೂ ಹೀಗೆಯೇ. ಹೊರಗೆ ಗಾಯವಿಲ್ಲ, ಮೂಳೆ ಮುರಿದಿಲ್ಲ, ಆದರೂ ಒಳಗಿನ ಶ್ವಾಸಕೋಶ ಜಜ್ಜಿರಬಹುದು.

ಇದರಿಂದ ಎರಡು ಮಾತು ಸಿದ್ಧವಾಗುತ್ತವೆ. ಮೊದಲನೆಯದು, ಮಗುವಿನ ಮೈಮೇಲೆ ಗಾಯ ಕಾಣದಿರುವುದು ಸಮಾಧಾನದ ಸಂಗತಿಯಲ್ಲ. ಎರಡನೆಯದು, ಮಗುವಿನ ಪಕ್ಕೆಲುಬು ನಿಜವಾಗಿಯೂ ಮುರಿದಿದ್ದರೆ ಪೆಟ್ಟು ಬಹಳ ಬಲವಾದದ್ದೆಂದೂ, ತಲೆ, ಹೊಟ್ಟೆಗಳಿಗೂ ಏಟಾಗಿರಬಹುದೆಂದೂ ತಿಳಿಯಬೇಕು.

ಇನ್ನೊಂದು ವ್ಯತ್ಯಾಸವೆಂದರೆ ಉಸಿರಿನ ದಾಸ್ತಾನು. ತೂಕಕ್ಕೆ ಹೋಲಿಸಿದರೆ ಮಗುವಿನ ದೇಹ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕವನ್ನು ಖರ್ಚು ಮಾಡುತ್ತದೆ. ಶ್ವಾಸಕೋಶದಲ್ಲಿ ಉಳಿಯುವ ಗಾಳಿಯೋ ಕಡಿಮೆ. ಚಿಕ್ಕ ತೊಟ್ಟಿ, ದೊಡ್ಡ ಖರ್ಚು. ಆದುದರಿಂದ ಉಸಿರಾಟಕ್ಕೆ ಅಡ್ಡಿಯಾದರೆ ಮಗು ದೊಡ್ಡವರಿಗಿಂತ ಬೇಗನೆ ಕಂಗೆಡುತ್ತದೆ.

ರಕ್ತದ ಲೆಕ್ಕವೂ ಹಾಗೆಯೇ. ಮಗುವಿನ ದೇಹದಲ್ಲಿರುವ ರಕ್ತ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರು. 15 ಕಿಲೋ ತೂಗುವ ಮಗುವಿಗೆ ಒಟ್ಟು 1,200 ಮಿಲಿಲೀಟರು, ಅಂದರೆ ಒಂದು ದೊಡ್ಡ ಚೊಂಬಿನಷ್ಟು. ಅದರ ಕಾಲುಭಾಗ ಎದೆಯೊಳಗೆ ಸೋರಿದರೂ ಹೊರಗೆ ಒಂದು ಹನಿ ಕಾಣುವುದಿಲ್ಲ. ರಕ್ತದೊತ್ತಡವೂ ಕೂಡಲೇ ಇಳಿಯುವುದಿಲ್ಲ. ಮಗುವಿನ ಹೃದಯ ವೇಗವಾಗಿ ಬಡಿದು ಒತ್ತಡವನ್ನು ಕೊನೆಯತನಕ ಹಿಡಿದಿಡುತ್ತದೆ. ಒತ್ತಡ ಇಳಿಯಿತೆಂದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ.

ಎದೆಯೊಳಗೆ ಏನೇನಾಗಬಹುದು

ಶ್ವಾಸಕೋಶ ಜಜ್ಜುವುದು ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಎದೆಯ ಗಾಯ. ಜಜ್ಜಿದ ಭಾಗದಲ್ಲಿ ರಕ್ತವೂ ನೀರೂ ತುಂಬಿ ಊತ ಬರುತ್ತದೆ. ಈ ಊತ ಕೂಡಲೇ ಬರದೆ ಗಂಟೆಗಳು ಕಳೆದಂತೆ ಹೆಚ್ಚುತ್ತದೆ. 24ರಿಂದ 48 ಗಂಟೆಗಳಲ್ಲಿ ಅತಿ ಹೆಚ್ಚಾಗಿರುತ್ತದೆ. ಮೊದಲ ಗಂಟೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣದಿರಲೂಬಹುದು. ನಮ್ಮ ಕಣದ ಹುಡುಗನಿಗೆ ಆಗಿದ್ದು ಇದೇ.

ಶ್ವಾಸಕೋಶ ಹರಿದರೆ ಗಾಳಿ ಅದರಿಂದ ಸೋರಿ, ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಸೇರಿಕೊಳ್ಳುತ್ತದೆ. ಇದರಲ್ಲಿ ಅತ್ಯಂತ ಅಪಾಯದ್ದೆಂದರೆ ಗಾಳಿ ಒಳಗೆ ಹೋಗಿ ಹೊರಬರದಿರುವುದು. ನಮ್ಮ ಪಂಪುಸೆಟ್ಟಿನ ಫುಟ್‌ವಾಲ್ವು ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದ ಹಾಗೆ, ಹರಿದ ಜಾಗ ಪ್ರತಿ ಉಸಿರಿಗೂ ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಒತ್ತಡ ಏರಿ ಆ ಕಡೆಯ ಶ್ವಾಸಕೋಶ ಮುದುಡುತ್ತದೆ, ಹೃದಯ ಇನ್ನೊಂದು ಪಕ್ಕಕ್ಕೆ ತಳ್ಳಲ್ಪಡುತ್ತದೆ, ಹೃದಯಕ್ಕೆ ಮರಳುವ ರಕ್ತ ನಿಲ್ಲುತ್ತದೆ. ಮಕ್ಕಳ ಎದೆಯ ಮಧ್ಯಭಾಗ ಸುಲಭವಾಗಿ ಸರಿಯುವುದರಿಂದ ಅವರಲ್ಲಿ ಇದು ಬೇಗನೆ ವಿಷಮಿಸುತ್ತದೆ.

ರಕ್ತನಾಳ ಹರಿದು ಎದೆಯೊಳಗೆ ರಕ್ತ ತುಂಬುವುದು ಇನ್ನೊಂದು ಬಗೆ. ಬೇಲಿಗೂಟ, ಕತ್ತಿ, ದನದ ಕೊಂಬು ಚುಚ್ಚಿ ಎದೆಗೋಡೆಯಲ್ಲೇ ತೂತಾಗುವುದು ಮತ್ತೊಂದು ಬಗೆ.

ಕೆಳಗಿನ ಪಕ್ಕೆಲುಬುಗಳ ಮೇಲೆ ಪೆಟ್ಟು ಬಿದ್ದರೆ ಹೊಟ್ಟೆಯ ವಿಚಾರವನ್ನೂ ಮಾಡಬೇಕು. ಬಲಗಡೆ ಲಿವರ್, ಎಡಗಡೆ ಗುಲ್ಮ ಎರಡೂ ಆ ಪಕ್ಕೆಲುಬುಗಳ ಮರೆಯಲ್ಲಿವೆ. ಬಿದ್ದ ಮಗು ಏಟೇ ತಾಗದ ಎಡ ಭುಜ ನೋಯುತ್ತದೆಂದು ಹೇಳಿದರೆ ಗುಲ್ಮದಿಂದ ರಕ್ತ ಸೋರುತ್ತಿರಬಹುದು.

ಭಾರದ ಅಡಿ ಎದೆ ಒತ್ತಿಹೋದ ಮಗುವಿನ ಮುಖ, ಕುತ್ತಿಗೆ ಕೆಲವೊಮ್ಮೆ ನೇರಳೆ ಬಣ್ಣಕ್ಕೆ ತಿರುಗಿ, ಚರ್ಮದಲ್ಲಿ ಸಣ್ಣ ಕೆಂಪು ಚುಕ್ಕಿಗಳೆದ್ದು, ಕಣ್ಣಿನ ಬಿಳಿಭಾಗ ರಕ್ತವರ್ಣವಾಗುತ್ತದೆ. ನೋಡಿದವರ ಎದೆ ನಡುಗಿಸುವ ರೂಪ ಅದು. ಆದರೆ ಒಳಗಿನ ಬೇರೆ ಗಾಯಗಳಿಲ್ಲದಿದ್ದರೆ ಅಂಥ ಮಕ್ಕಳು ಚೇತರಿಸಿಕೊಳ್ಳುವುದು ಸಾಮಾನ್ಯ. ಆಸೆ ಬಿಡತಕ್ಕದ್ದಲ್ಲ.

ಇನ್ನು ಹೃದಯದ ನೇರಕ್ಕೆ ಗಟ್ಟಿ ಚೆಂಡೋ ದನದ ಒದೆತವೋ ಬಿದ್ದು, ಹುಡುಗ ಎರಡು ಹೆಜ್ಜೆ ಇಟ್ಟು ಕುಸಿಯುವುದುಂಟು. ಇಲ್ಲಿ ಪೆಟ್ಟು ದೊಡ್ಡದಿರಬೇಕೆಂದಿಲ್ಲ. ಹೃದಯದ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಒಂದು ಸೂಕ್ಷ್ಮ ಕ್ಷಣದಲ್ಲಿ ತಾಗಿದರೆ ಬಡಿತದ ಲಯವೇ ಕೆಡುತ್ತದೆ. ಇದು ವಿರಳ. ಆದರೆ ಹಾಗಾದಾಗ ಸಮಯ ನಿಮಿಷಗಳ ಲೆಕ್ಕದ್ದು.

ಸ್ಥಳದಲ್ಲಿ ನೋಡುವ ಕ್ರಮ

ಮೊದಲು ಅಪಾಯವನ್ನು ನಿಲ್ಲಿಸಿರಿ. ಜೀಪಿನ ಎಂಜಿನು ಆರಿಸಿ ಬ್ರೇಕು ಹಾಕಿ, ಉಳಿದ ಚೀಲಗಳು ಜಾರದಂತೆ ತಡೆದು ಆಮೇಲೆ ಮಗುವಿನ ಬಳಿಗೆ ಹೋಗಬೇಕು. ಒಬ್ಬರು ಮಗುವನ್ನು ನೋಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನು ಮಾಡತಕ್ಕದ್ದು. 108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ತೋಟದಲ್ಲಿ ಸಿಗ್ನಲು ಸಿಗದಿದ್ದರೆ ಸಿಗುವ ಗುಡ್ಡಕ್ಕೆ ಆಗಲೇ ಒಬ್ಬರನ್ನು ಓಡಿಸಬೇಕು.

ಮಗುವನ್ನು ನೋಡುವಾಗ ಕ್ರಮ ತಪ್ಪಕೂಡದು.

ಒಂದು, ಬಾಯಿ ಮತ್ತು ಗಂಟಲು. ಮಗು ಮಾತಾಡುತ್ತಿದೆಯೇ, ಅಳುತ್ತಿದೆಯೇ? ಹಾಗಿದ್ದರೆ ಉಸಿರಿನ ದಾರಿ ಈ ಹೊತ್ತಿಗೆ ತೆರೆದಿದೆ ಎಂದರ್ಥ. ಬಾಯಲ್ಲಿ ಮಣ್ಣು, ರಕ್ತ, ಮುರಿದ ಹಲ್ಲು ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದ್ದಕ್ಕಾಗಿ ಬೆರಳು ಹಾಕಿ ತಡಕಬೇಡಿ.

ಎರಡು, ಉಸಿರು. ಈ ಪಾಠದಲ್ಲಿ ಒಂದೇ ಒಂದು ಸಂಗತಿ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ. ಅಂಗಿ ಬಿಚ್ಚಿ ಎದೆ, ಹೊಟ್ಟೆ ಎರಡೂ ಕಾಣುವಂತೆ ಮಾಡಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಐದು ದಾಟಿದ ಮಕ್ಕಳಿಗೆ 30. ಎಣಿಕೆ ಇಷ್ಟಾದರೆ ಅಥವಾ ಇದಕ್ಕಿಂತ ಹೆಚ್ಚಾದರೆ ಉಸಿರು ವೇಗವಾಗಿದೆ ಎಂದು ತಿಳಿಯಬೇಕು. ಐದು ವರ್ಷದೊಳಗಿನವರ ಈ ಲೆಕ್ಕ ನಮ್ಮ ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತು. ನ್ಯುಮೋನಿಯಾ ಗುರುತಿಸಲು ಅವರು ಬಳಸುವುದು ಇದನ್ನೇ. ಅಳುವ ಮಗುವಿನ ಎಣಿಕೆ ಹೆಚ್ಚು ಬರುತ್ತದೆ. ಸಮಾಧಾನವಾದ ಮೇಲೆ ಮತ್ತೊಮ್ಮೆ ಎಣಿಸಿರಿ.

ಎಣಿಕೆಯ ಜೊತೆಗೆ ಇವನ್ನೂ ನೋಡಬೇಕು: ಉಸಿರೆಳೆದಾಗ ಪಕ್ಕೆಲುಬಿನ ಸಂದುಗಳು, ಗಂಟಲ ಕುಳಿ ಒಳಕ್ಕೆ ಸೇದುತ್ತವೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದೆಯೇ, ಎದೆಯ ಎರಡೂ ಕಡೆ ಸಮನಾಗಿ ಏಳುತ್ತಿದೆಯೇ, ತುಟಿ ನೀಲಿಯಾಗಿದೆಯೇ. ಎದೆ ಅಥವಾ ಕುತ್ತಿಗೆಯ ಚರ್ಮವನ್ನು ಮೆಲ್ಲಗೆ ಮುಟ್ಟಿದಾಗ ಮಂಡಕ್ಕಿಯ ಮೇಲೆ ಬೆರಳಿಟ್ಟಂತೆ ಚರಚರ ಎನಿಸಿದರೆ ಚರ್ಮದಡಿಗೆ ಗಾಳಿ ಸೋರಿದೆ ಎಂದರ್ಥ.

ಮೂರು, ರಕ್ತಚಲನೆ. ಕೈಕಾಲು ತಣ್ಣಗಾಗಿ ಬಿಳಿಚಿದೆಯೇ, ನಾಡಿ ಬಹಳ ವೇಗವಾಗಿ ಸಣ್ಣಗೆ ಬಡಿಯುತ್ತಿದೆಯೇ ನೋಡಿರಿ. ಹೊರಗೆ ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ನಾಲ್ಕು, ಎಚ್ಚರ. ಕರೆದರೆ ಓಗೊಡುತ್ತದೆಯೇ, ಗುರುತು ಹಿಡಿಯುತ್ತದೆಯೇ? ಚಡಪಡಿಸುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ, ತೂಕಡಿಸಿದರೆ, ವೇಗವಾಗಿದ್ದ ಉಸಿರು ತಾನಾಗಿ ನಿಧಾನವಾದರೆ ನಾವು ಗುಣವಾಯಿತೆಂದು ನಂಬುತ್ತೇವೆ. ಅನೇಕ ಸಲ ಅದು ಮಗು ದಣಿದು ಸೋಲುತ್ತಿರುವ ಗುರುತು. ನಮ್ಮ ಕಣದ ಹುಡುಗ ಸಂಜೆ ಸುಮ್ಮನೆ ಮಲಗಿದ್ದನ್ನು ನಾವು ತಪ್ಪಾಗಿ ಓದಿದ್ದು ಹೀಗೆ.

ಐದು, ಇಡೀ ಮೈ. ಬೆನ್ನು, ಕಂಕುಳು, ಹೊಟ್ಟೆ ಎಲ್ಲವನ್ನೂ ಒಮ್ಮೆ ನೋಡಿ ಕೂಡಲೇ ಕಂಬಳಿ ಹೊದಿಸಬೇಕು. ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ.

ಕೆಲವು ಸಂದರ್ಭಗಳಲ್ಲಿ ಮಗು ಆಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ವಾಹನ ಡಿಕ್ಕಿ ಹೊಡೆದಿದ್ದರೆ ಅಥವಾ ಮೇಲೆ ಹರಿದಿದ್ದರೆ, ಚೀಲ, ಮರ, ಗೇಟು ಮೈಮೇಲೆ ಬಿದ್ದಿದ್ದರೆ, 10 ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ದನ ಹಾಯ್ದಿದ್ದರೆ, ಎದೆಗೆ ಏನಾದರೂ ಚುಚ್ಚಿದ್ದರೆ ಮನೆಯಲ್ಲೇ ಇಟ್ಟು ನೋಡೋಣವೆಂಬ ಮಾತು ಬೇಡ.

ಮಾಡತಕ್ಕದ್ದು ಮತ್ತು ಮಾಡಕೂಡದ್ದು

ಎಚ್ಚರವಿರುವ ಮಗು ಯಾವ ಭಂಗಿಯಲ್ಲಿ ಸುಲಭವಾಗಿ ಉಸಿರಾಡುತ್ತದೋ ಆ ಭಂಗಿಯಲ್ಲೇ ಇರಲಿ. ಸಾಮಾನ್ಯವಾಗಿ ತಾಯಿಯ ಮಡಿಲಲ್ಲಿ ಒರಗಿ ಕುಳಿತರೆ ಹಿತವಾಗಿರುತ್ತದೆ. ಉಸಿರುಗಟ್ಟುತ್ತಿರುವ ಮಗುವನ್ನು ಬಲವಂತವಾಗಿ ಅಂಗಾತ ಮಲಗಿಸಬಾರದು. ಎತ್ತರದಿಂದ ಬಿದ್ದ ಮಗುವಿಗೆ ಬೆನ್ನು, ಕುತ್ತಿಗೆಯ ಮೂಳೆಗೂ ಏಟಾಗಿರಬಹುದು. ತಲೆ, ಕುತ್ತಿಗೆ, ಮುಂಡ ಒಂದೇ ಸಾಲಿನಲ್ಲಿರುವಂತೆ ಇಬ್ಬರು ಮೂವರು ಸೇರಿ ಎತ್ತಬೇಕು. ಎಚ್ಚರ ತಪ್ಪಿದ್ದು ಉಸಿರಾಡುತ್ತಿದ್ದರೆ ಅದೇ ರೀತಿ ಜೋಪಾನವಾಗಿ ಒಂದು ಮಗ್ಗುಲಿಗೆ ಹೊರಳಿಸಿದರೆ ನಾಲಿಗೆಯಾಗಲಿ ವಾಂತಿಯಾಗಲಿ ಉಸಿರಿನ ದಾರಿಗೆ ಅಡ್ಡ ಬರುವುದಿಲ್ಲ.

ಚುಚ್ಚಿಕೊಂಡಿರುವ ಗೂಟ, ಕಬ್ಬಿಣ, ಕತ್ತಿಯನ್ನು ಕೀಳಲೇಬಾರದು. ಅದೇ ಅನೇಕ ಸಲ ರಕ್ತನಾಳಕ್ಕೆ ಬಿರಡೆಯಂತೆ ನಿಂತಿರುತ್ತದೆ. ಅದು ಅಲುಗದಂತೆ ಎರಡೂ ಕಡೆ ಬಟ್ಟೆಯ ಸುರುಳಿ ಇಟ್ಟು ಕಟ್ಟಿ ಹಾಗೆಯೇ ಕರೆದೊಯ್ಯಬೇಕು. ಉದ್ದವಾಗಿದ್ದರೆ ಹೊರಗಿನ ಭಾಗವನ್ನು ಅಲುಗಿಸದೆ ಹಿಡಿದುಕೊಂಡೇ ಹೋಗಬೇಕು.

ಎದೆಯ ತೆರೆದ ಗಾಯದ ವಿಷಯದಲ್ಲಿ ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳನ್ನು ಓದಿದವರು ಒಂದು ಬದಲಾವಣೆಯನ್ನು ತಿಳಿದಿರಬೇಕು. ಗಾಯದ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಮೂರು ಬದಿ ಅಂಟಿಸಬೇಕೆಂದು ಆಗ ಕಲಿಸುತ್ತಿದ್ದರು. ಹಾಳೆ ರಕ್ತದಿಂದ ಅಂಟಿಕೊಂಡು ಪೂರ್ತಿ ಮುಚ್ಚಿದರೆ ಒಳಗಿನ ಗಾಳಿ ಹೊರಬರಲಾರದೆ, ಮೇಲೆ ಹೇಳಿದ ಫುಟ್‌ವಾಲ್ವಿನ ಅಪಾಯವನ್ನು ನಾವೇ ತಂದಂತಾಗುತ್ತದೆ. ಆದುದರಿಂದ ಸಾಮಾನ್ಯ ಜನರು ಅಂಥ ಗಾಯವನ್ನು ತೆರೆದೇ ಬಿಡುವುದು, ಇಲ್ಲವೇ ಗಾಳಿಯಾಡುವ ಒಣ ಶುಭ್ರ ಬಟ್ಟೆಯನ್ನು ಸಡಿಲವಾಗಿ ಇಡುವುದು ಲೇಸೆಂಬುದು ಈಗಿನ ಮಾರ್ಗಸೂಚಿ. ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯಲೇಬೇಕು. ಬಟ್ಟೆ ರಕ್ತದಲ್ಲಿ ತೊಯ್ದು ಅಂಟಿದರೆ, ಅಥವಾ ಬಟ್ಟೆ ಇಟ್ಟ ಮೇಲೆ ಉಸಿರು ಹೆಚ್ಚು ಕಷ್ಟವಾದರೆ ಅದನ್ನು ತೆಗೆದುಬಿಡಬೇಕು.

ಎದೆಯ ಸುತ್ತ ಬಿಗಿಯಾಗಿ ಪಂಚೆಯನ್ನೋ ಟವೆಲನ್ನೋ ಸುತ್ತಬಾರದು. ಅದು ಉಸಿರನ್ನೇ ಕಟ್ಟುತ್ತದೆ. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು, ಬೆನ್ನಿಗೆ ಗುದ್ದುವುದು ಯಾವುದೂ ಸಲ್ಲದು. ನೀರು, ಹಾಲು, ಕಾಫಿ, ಗುಳಿಗೆ ಏನನ್ನೂ ಬಾಯಿಗೆ ಹಾಕಬೇಡಿ. ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು, ಅರಿವಳಿಕೆ ಕೊಡಬೇಕಾಗಿ ಬಂದರೂ ತೊಡಕಾಗುತ್ತದೆ. ನಾವು ಹುಡುಗನಿಗೆ ಅಂದು ನೀರು ಕುಡಿಸಿದ್ದು ತಪ್ಪು.

ಉಸಿರು ನಿಂತರೆ

ಕರೆದರೆ ಓಗೊಡದೆ, ಉಸಿರಾಡದೆ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿಬಿಟ್ಟು ಏದುಸಿರೆಳೆಯುತ್ತಿದ್ದರೆ ಕಾಯಬಾರದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಮೂಳೆಯ ಕೆಳ ಅರ್ಧಭಾಗವನ್ನು ಎದೆಯ ದಪ್ಪದ ಮೂರನೇ ಒಂದು ಭಾಗ ಇಳಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಮಗುವಿಗೆ ಸುಮಾರು 5 ಸೆಂಟಿಮೀಟರು, ಒಂದು ವರ್ಷದೊಳಗಿನ ಕೂಸಿಗೆ ಸುಮಾರು 4 ಸೆಂಟಿಮೀಟರು. ಪ್ರತಿ ಒತ್ತಿಗೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಬಾಯಿಂದ ಉಸಿರು ಕೊಡಲು ಕಲಿತವರು 30 ಒತ್ತುಗಳಿಗೆ 2 ಉಸಿರು ಕೊಡಬೇಕು. ಮಕ್ಕಳಲ್ಲಿ ಈ ಉಸಿರು ಬಹಳ ಮುಖ್ಯ. ಕಲಿಯದವರು ಒತ್ತುವುದನ್ನಾದರೂ ನಿಲ್ಲಿಸಬಾರದು. ಎದೆಗೆ ಮೊದಲೇ ಪೆಟ್ಟಾಗಿದೆಯಲ್ಲ ಎಂದು ಹಿಂಜರಿಯಬೇಡಿ. ನಿಂತ ಹೃದಯಕ್ಕಿಂತ ದೊಡ್ಡ ಗಾಯವಿಲ್ಲ.

ಸಾಗಿಸುವಾಗ

ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುವುದರಿಂದ ಅದು ಬೇಗ ಸಿಗುವುದಾದರೆ ಅದೇ ಒಳ್ಳೆಯದು. ತಡವಾಗುವುದಾದರೆ 108ರವರಿಗೆ ಹೇಳಿ ನಮ್ಮ ಜೀಪಿನಲ್ಲೇ ಹೊರಟು ದಾರಿಯಲ್ಲಿ ಸಂಧಿಸಬಹುದು. ಎಕ್ಸ್‌ರೇ, ಆಮ್ಲಜನಕ, ಶಸ್ತ್ರವೈದ್ಯರು ಇರುವ ಆಸ್ಪತ್ರೆಗೆ ನೇರವಾಗಿ ಹೋಗುವುದು ಸರಿ. ಆದರೆ ತುಟಿ ನೀಲಿಯಾಗುತ್ತಿದ್ದರೆ, ಎಚ್ಚರ ಕುಂದುತ್ತಿದ್ದರೆ ದಾರಿಯಲ್ಲಿ ಮೊದಲು ಸಿಗುವ ಆಸ್ಪತ್ರೆಯಲ್ಲಿ ನಿಲ್ಲಿಸಲೇಬೇಕು. ಹೊರಡುವಾಗಲೇ ಆಸ್ಪತ್ರೆಗೆ ಫೋನು ಮಾಡಿ ಮಗುವಿನ ವಯಸ್ಸು, ಪೆಟ್ಟಾದ ಬಗೆ, ಉಸಿರಿನ ಎಣಿಕೆ ತಿಳಿಸಿರಿ. ಜೊತೆಗಿರುವವರೊಬ್ಬರು ಐದೈದು ನಿಮಿಷಕ್ಕೊಮ್ಮೆ ಉಸಿರು ಎಣಿಸಿ ಹೊತ್ತಿನೊಂದಿಗೆ ಚೀಟಿಯಲ್ಲಿ ಬರೆದಿಡಬೇಕು. 28, 34, 42 ಎಂದು ಏರುತ್ತಿರುವ ಅಂಕಿಗಳನ್ನು ಕಂಡ ವೈದ್ಯರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ಆಸ್ಪತ್ರೆಯಲ್ಲಿ ನಡೆಯುವುದು

ಜಗತ್ತಿನ ಆಸ್ಪತ್ರೆಗಳಲ್ಲಿ ಅಪಘಾತದ ರೋಗಿಯನ್ನು ನೋಡುವ ಇಂದಿನ ಕ್ರಮಕ್ಕೆ ಒಂದು ಹಿನ್ನೆಲೆಯಿದೆ. 1976ರ ಫೆಬ್ರವರಿಯಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆತಜ್ಞರು ನಡೆಸುತ್ತಿದ್ದ ಸಣ್ಣ ವಿಮಾನ ಹೊಲವೊಂದರಲ್ಲಿ ಬಿತ್ತು. ಪತ್ನಿ ತೀರಿಕೊಂಡರು, ನಾಲ್ವರು ಮಕ್ಕಳಲ್ಲಿ ಮೂವರಿಗೆ ತೀವ್ರ ಗಾಯಗಳಾದವು. ಸಮೀಪದ ಸಣ್ಣ ಊರಿನ ಆಸ್ಪತ್ರೆಯಲ್ಲಿ ದೊರೆತ ಚಿಕಿತ್ಸೆಯಲ್ಲಿ ಕ್ರಮವೇ ಇರಲಿಲ್ಲವೆಂದು ಅವರಿಗೆ ಮನವರಿಕೆಯಾಯಿತು. ಅವರೂ ಅವರ ಸಹೋದ್ಯೋಗಿಗಳೂ ಸೇರಿ ಹಳ್ಳಿಗಾಡಿನ ವೈದ್ಯರಿಗಾಗಿ ಒಂದು ತರಬೇತಿಯನ್ನು ರೂಪಿಸಿದರು. 1978ರಲ್ಲಿ ಮೊದಲು ನಡೆದ ಅದನ್ನು 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ತನ್ನದಾಗಿ ಮಾಡಿಕೊಂಡಿತು. ಉಸಿರಿನ ದಾರಿ, ಉಸಿರಾಟ, ರಕ್ತಚಲನೆ, ಎಚ್ಚರ, ಇಡೀ ಮೈ ಎಂಬ ಮೇಲಿನ ಕ್ರಮ ಆ ತರಬೇತಿಯ ತಿರುಳು. ಮೊದಲು ಕೊಲ್ಲುವುದನ್ನು ಮೊದಲು ಸರಿಪಡಿಸು ಎಂಬುದೇ ಅದರ ತತ್ತ್ವ.

ಅದರಂತೆ ವೈದ್ಯರು ಮೊದಲು ಆಮ್ಲಜನಕ ಕೊಡುತ್ತಾರೆ. ಫುಟ್‌ವಾಲ್ವಿನಂತೆ ಗಾಳಿ ಸಿಕ್ಕಿಕೊಂಡಿರುವ ಲಕ್ಷಣವಿದ್ದರೆ ಎಕ್ಸ್‌ರೇಗೆ ಕಾಯುವುದಿಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಕಾಲರ್ ಮೂಳೆಯ ನಡುಭಾಗದ ನೇರಕ್ಕೆ, ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಗಾಳಿಯನ್ನು ಬಿಡಿಸುತ್ತಾರೆ. ಆಮೇಲೆ ಪಕ್ಕೆಯಲ್ಲಿ ನಳಿಕೆ ಇಟ್ಟು ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸುತ್ತಾರೆ. ಗಾಳಿ, ರಕ್ತ ಹೊರಬರುತ್ತವೆ, ಹೊರಗಿನ ಗಾಳಿ ಒಳಗೆ ಹೋಗುವುದಿಲ್ಲ. ಆ ಬಾಟಲಿಯನ್ನು ಮಗುವಿನ ಎದೆಯ ಮಟ್ಟಕ್ಕಿಂತ ಮೇಲಕ್ಕೆ ಯಾರೂ ಎತ್ತಕೂಡದು. ಎಕ್ಸ್‌ರೇ, ಸ್ಕ್ಯಾನುಗಳ ನಂತರ ಅಗತ್ಯವಿದ್ದರೆ ರಕ್ತ ಕೊಡುತ್ತಾರೆ.

ಸಮಾಧಾನದ ಸಂಗತಿಯೆಂದರೆ ಎದೆಗೆ ಪೆಟ್ಟಾದ ಬಹುಪಾಲು ಮಕ್ಕಳಿಗೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಆಮ್ಲಜನಕ, ನೋವಿನ ಔಷಧಿ, ಬೇಕಾದರೆ ಒಂದು ನಳಿಕೆ, ಜಾಗರೂಕ ನಿಗಾ, ಇಷ್ಟರಲ್ಲೇ ಗುಣವಾಗುತ್ತಾರೆ. ನೋವು ಕಡಿಮೆಯಾದರೆ ಮಗು ಆಳವಾಗಿ ಉಸಿರೆಳೆದು ಕೆಮ್ಮುತ್ತದೆ. ಕಫ ಕಟ್ಟಿ ನ್ಯುಮೋನಿಯಾ ಆಗುವುದು ತಪ್ಪುತ್ತದೆ. ಆದುದರಿಂದ ನೋವಿನ ಔಷಧಿ ಬೇಡವೆನ್ನಬೇಡಿ. ಎಕ್ಸ್‌ರೇ ಸರಿಯಿದ್ದರೂ ಒಂದೆರಡು ದಿನ ಇರಿ ಎಂದು ವೈದ್ಯರು ಹೇಳಿದರೆ ಇರಬೇಕು. ಕೊಯ್ಲಿನ ಕೆಲಸವಿದೆಯೆಂದು ಬರೆದುಕೊಟ್ಟು ಕರೆತರಬಾರದು. ಮನೆಗೆ ಬಂದ ಮೇಲೆ ಜ್ವರ, ಏದುಸಿರು, ಹೆಚ್ಚುವ ಎದೆನೋವು ಕಂಡರೆ ಅಂದೇ ಮತ್ತೆ ಹೋಗಬೇಕು.

ನಿಜ ಹೇಳುವ ಮಾತು

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ. ಆ ರಾತ್ರಿ ಆಸ್ಪತ್ರೆಯಲ್ಲಿ ವೈದ್ಯರು ಏನಾಯಿತೆಂದು ಕೇಳಿದಾಗ ಹುಡುಗನ ತಾಯಿ ಬಾಯಿ ತೆರೆಯುವ ಮೊದಲೇ ನಾನು, "ಆಡುವಾಗ ಮೆಟ್ಟಿಲಿಂದ ಬಿದ್ದ" ಎಂದೆ. ಪೊಲೀಸು, ಕೇಸು, ಪರಿಹಾರ ಎಂಬ ಭಯ. ಮೆಟ್ಟಿಲಿಂದ ಬಿದ್ದ ಮಗುವಿಗೆ ಎಷ್ಟು ಪರೀಕ್ಷೆ ಬೇಕೋ ಅಷ್ಟನ್ನೇ ಅವರು ಮಾಡತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ತಾಯಿಯೇ ಮುಂದೆ ಬಂದು, ಮೂರು ಚೀಲ ಕಾಫಿ ಮೇಲೆ ಬಿತ್ತೆಂದು ಹೇಳಿದರು. ಕೂಡಲೇ ಆಮ್ಲಜನಕ, ಎಕ್ಸ್‌ರೇ, ದೊಡ್ಡ ಆಸ್ಪತ್ರೆಗೆ ವರ್ಗ ಎಲ್ಲವೂ ನಡೆಯಿತು. ನನ್ನ ಸುಳ್ಳಿಗೆ ಕಳೆದದ್ದು ಅರ್ಧ ಗಂಟೆ. ಹುಡುಗನಿಗೆ ಅದು ದೊಡ್ಡ ಅವಧಿಯಾಗಬಹುದಿತ್ತು.

ಮಗುವಿನ ಎದೆಯ ಮೇಲೆ ಗುರುತು ಇರುವುದಿಲ್ಲವೆಂದು ಆಗಲೇ ಹೇಳಿದೆ. ಗುರುತಿಲ್ಲದಾಗ ವೈದ್ಯರಿಗೆ ಇರುವ ದಾರಿ ನಮ್ಮ ಮಾತೊಂದೇ. ಎಷ್ಟು ಎತ್ತರ, ಎಷ್ಟು ಭಾರ, ಎಷ್ಟು ಹೊತ್ತು, ಯಾವ ವಾಹನ ಎಂಬುದನ್ನು ಇದ್ದದ್ದು ಇದ್ದಂತೆ ಹೇಳುವುದೂ ಚಿಕಿತ್ಸೆಯ ಒಂದು ಭಾಗ. ಚಿಕ್ಕ ಮಗುವಿನ ಪಕ್ಕೆಲುಬು ಮುರಿದಿದ್ದರೆ ಯಾರಾದರೂ ಹೊಡೆದರೇ ಎಂದೂ ವೈದ್ಯರು ಕೇಳಬಹುದು. ಅದು ಅವರ ಕರ್ತವ್ಯ, ಸಿಟ್ಟಾಗಬಾರದು.

ಕಾನೂನನ್ನೂ ತಿಳಿದಿರೋಣ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ವಿಧಿಗಳು ಎಂದೂ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯರಿಗೂ ಈ ಹೊಣೆ ಇದೆಯೆಂದೂ ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ತೀರ್ಪಿತ್ತಿದೆ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ರಕ್ಷಿಸುವ 134ಎ ಎಂಬ ಕಲಮು 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದೆ. ಆದರೆ ಇದು ನೆರವಾದವರಿಗೆ ರಕ್ಷಣೆ. ಅಪಘಾತಕ್ಕೆ ಕಾರಣರಾದವರ ಹೊಣೆ ಇದರಿಂದ ಹೋಗುವುದಿಲ್ಲ. ಗಾಯಾಳುವನ್ನು ಚಿಕಿತ್ಸೆಗೆ ಒಯ್ಯುವುದು ವಾಹನ ಚಾಲಕನ ಕರ್ತವ್ಯವೆಂದು ಅದೇ ಕಾಯಿದೆಯ 134ನೆಯ ಕಲಮು ಹೇಳುತ್ತದೆ. ಹೊಣೆ ನಮ್ಮದಾದರೆ ಹೊರೋಣ. ಮಗುವಿನ ಉಸಿರಿಗಿಂತ ಅದು ಹೆಚ್ಚಿನದಲ್ಲ.

ಕಣದಲ್ಲಿ ಇಂದೇ ಮಾಡಬಹುದಾದದ್ದು

ಚೀಲಗಳನ್ನು ಗೋಡೆಗೆ ಒರಗಿಸಿ ಎತ್ತರಕ್ಕೆ ಒಟ್ಟುವ ಬದಲು ಅಡ್ಡಡ್ಡ ಹೆಣೆದು, ತಗ್ಗಾಗಿ ಅಟ್ಟಿ ಹಾಕಿರಿ. ಜೀಪು, ಪಿಕಪ್ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಂತು ನೋಡುವ ರೂಢಿಯಾಗಲಿ. ಟಿಲ್ಲರಿನ ಟ್ರೇಲರಿನಲ್ಲೂ ಪಿಕಪ್ಪಿನ ಲೋಡಿನ ಮೇಲೂ ಮಕ್ಕಳನ್ನು ಕೂರಿಸಬಾರದು. ಅಡಿಕೆ ಕೊನೆ ತೆಗೆಯುವಾಗ, ಮರಗಸಿ ನಡೆಯುವಾಗ ಮಕ್ಕಳು ಮರದ ಬುಡಕ್ಕೆ ಸುಳಿಯಬಾರದು. ಮಕ್ಕಳು ಆಡಿಕೊಳ್ಳಲು ಕಣದಿಂದ ದೂರದಲ್ಲಿ ಒಂದು ನೆರಳಿನ ಜಾಗ, ನೋಡಿಕೊಳ್ಳಲು ಒಬ್ಬರು, ಇಷ್ಟನ್ನು ಪ್ರತಿ ತೋಟದವರೂ ಮಾಡಬಹುದು. ಗೋದಾಮಿನ ಬಾಗಿಲ ಮೇಲೆ 108 ಮತ್ತು ಹತ್ತಿರದ ಆಸ್ಪತ್ರೆಯ ಫೋನು ನಂಬರನ್ನೂ, ಮೇಲೆ ಕೊಟ್ಟ ಉಸಿರಿನ ನಾಲ್ಕು ಅಂಕಿಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿರಿ.

ಕೊನೆಯದಾಗಿ ಪಾಠದ ಸಾರ ಇಷ್ಟು. ಮಗುವಿನ ಎದೆಯ ಮೇಲೆ ಗಾಯವಿಲ್ಲವೆಂದು ಸುಮ್ಮನಿರಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ. ಬಾಯಿಗೆ ಏನೂ ಹಾಕಬೇಡಿ, ಚುಚ್ಚಿದ್ದನ್ನು ಕೀಳಬೇಡಿ, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಮಗು ಸುಮ್ಮನಾದರೆ ಇನ್ನೂ ಎಚ್ಚರವಾಗಿರಿ. ತಡಮಾಡದೆ ಹೊರಡಿರಿ, ವೈದ್ಯರಿಗೆ ನಿಜ ಹೇಳಿರಿ.

ಇದನ್ನು ಓದಿದ ಸದಸ್ಯರು ಮನೆಯವರಿಗೂ, ಲೈನಿನ ತಾಯಂದಿರಿಗೂ, ಜೀಪು ಓಡಿಸುವ ಹುಡುಗರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.

ಕಾರ್ಯದರ್ಶಿ